ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿದವರು ಯಾರು?

ಹೆದ್ದಾರಿ. ಗಂಟೆಗೆ ನೂರು ಕಿಲೋಮೀಟರ್ ವೇಗ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಹಾಕಿ ಪಾದವನ್ನು ಆಕ್ಸಿಲರೇಟರ್‌ನಿಂದ ತೆಗೆದಿದ್ದೀರಿ. ಮುಂದೆ ಕಣ್ಣು ಹಾಯುವವರೆಗೂ ರಸ್ತೆ ಖಾಲಿ. ಇದ್ದಕ್ಕಿದ್ದಂತೆ ಕಾರಿನ ಮೂಗು ತಗ್ಗುತ್ತದೆ, ಸೀಟ್ ಬೆಲ್ಟ್ ಎದೆಯನ್ನು ಬಿಗಿಯುತ್ತದೆ, ಪಕ್ಕದವರ ಕೈಯಲ್ಲಿದ್ದ ಮೊಬೈಲ್ ಡ್ಯಾಶ್‌ಬೋರ್ಡಿಗೆ ಹೋಗಿ ಬಡಿಯುತ್ತದೆ. ಏನಾಯಿತೆಂದು ನೋಡುವಷ್ಟರಲ್ಲಿ ಬ್ರೇಕ್ ಸಡಿಲಗೊಂಡು ಕಾರು ಏನೂ ಅರಿಯದಂತೆ ಮತ್ತೆ ವೇಗ ಹಿಡಿದಿರುತ್ತದೆ. ಇದು ನಿಮ್ಮಲ್ಲಿ ಎಷ್ಟು ಮಂದಿಗೆ ಆಗಿದೆ? ಕೈ ಎತ್ತಿದವರೇನೂ ಕಡಿಮೆ ಇಲ್ಲ. ಕೈ ಎತ್ತಿದವರಲ್ಲಿ ಹೆಚ್ಚಿನವರು ಸರ್ವಿಸ್ ಸೆಂಟರಿಗೆ ಹೋಗಿ, ‘ಕಾರಿನಲ್ಲಿ ಯಾವ ದೋಷವೂ ಇಲ್ಲ’ ಎಂಬ ಉತ್ತರ ಪಡೆದು ಬಂದಿರುತ್ತೀರಿ ಎಂದು ನಾನು ಊಹಿಸಬಲ್ಲೆ. ಆ ಉತ್ತರ ಸುಳ್ಳಲ್ಲ ಎನ್ನುವುದೇ ಇಲ್ಲಿನ ದೊಡ್ಡ ತೊಡಕು.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ‘ಕಾರು ತಾನೇ ಬ್ರೇಕ್ ಹಾಕಿತು’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಇಂದಿನ ಕಾರಿನಲ್ಲಿ ನಿಮ್ಮನ್ನು ಕೇಳದೆ ವೇಗ ಇಳಿಸುವ ಅಧಿಕಾರ ಕನಿಷ್ಠ ಮೂರು ವ್ಯವಸ್ಥೆಗಳಿಗೆ ಇದೆ. ಒಂದು, ಮುಂದಿನ ವಾಹನದೊಂದಿಗೆ ಅಂತರ ಕಾಯುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್. ಇದು ಸೌಕರ್ಯಕ್ಕಾಗಿ ಇರುವಂಥದ್ದು. ಹಾಗಾಗಿ ಇದರ ಕೈಗೆ ಅಂತರರಾಷ್ಟ್ರೀಯ ಮಾನದಂಡವೇ ಕಡಿವಾಣ ಹಾಕಿದೆ. ಐಎಸ್‌ಒ 15622 ಪ್ರಕಾರ ಗಂಟೆಗೆ 72 ಕಿ.ಮೀ. ಮೀರಿದ ವೇಗದಲ್ಲಿ ಅದು ಒಂದೊಂದು ಸೆಕೆಂಡಿನಲ್ಲಿ ಸರಾಸರಿ ಗಂಟೆಗೆ ಹನ್ನೆರಡು, ಹದಿಮೂರು ಕಿ.ಮೀ.ಯಷ್ಟು ವೇಗವನ್ನಷ್ಟೇ ಇಳಿಸಬಹುದು. ಎರಡನೆಯದು ಡಿಕ್ಕಿ ತಪ್ಪಿಸಲು ತಾನಾಗಿ ಬೀಳುವ ತುರ್ತು ಬ್ರೇಕ್. ಇದಕ್ಕೆ ಅಂಥ ಸಂಕೋಚವಿಲ್ಲ. ಒಣ ರಸ್ತೆಯಲ್ಲಿ ಟೈರ್ ಹಿಡಿತ ಕೊಡುವಷ್ಟೂ ಒತ್ತುತ್ತದೆ, ಸೆಕೆಂಡಿಗೆ ಸುಮಾರು ಮೂವತ್ತು ಕಿ.ಮೀ. ವೇಗ ಕರಗಿಬಿಡುತ್ತದೆ. ಮೂರನೆಯದು ವೇಗಮಿತಿಯನ್ನು ಪಾಲಿಸುವ ಸಹಾಯಕ. ನಕ್ಷೆಯಲ್ಲಿರುವ ಮಿತಿಯನ್ನೋ ಕ್ಯಾಮೆರಾ ಓದಿದ ಫಲಕವನ್ನೋ ನಂಬಿ ಅದು ವೇಗ ತಗ್ಗಿಸುತ್ತದೆ. ಹೆದ್ದಾರಿಯ ಪಕ್ಕದಲ್ಲೇ ಸಾಗುವ ಸಣ್ಣ ರಸ್ತೆಯ ಫಲಕವನ್ನು ತನ್ನದೆಂದು ಓದಿಕೊಂಡರೆ, ಇಲ್ಲವೇ ಮುಂದಿನ ಲಾರಿಯ ಹಿಂಬದಿಗೆ ಅಂಟಿಸಿದ ‘80’ ಎಂಬ ಸ್ಟಿಕ್ಕರನ್ನು ರಸ್ತೆಯ ಮಿತಿಯೆಂದು ಭಾವಿಸಿದರೆ, ಕಾರು ನಡುರಸ್ತೆಯಲ್ಲಿ ವಿಧೇಯವಾಗಿ ನಿಧಾನವಾಗುತ್ತದೆ.

ಯಾವುದು ಒತ್ತಿತು ಎಂದು ಗುರುತಿಸುವುದು ಕಷ್ಟವಲ್ಲ. ಕೆಂಪು ಎಚ್ಚರಿಕೆ, ಕೀರಲು ಸದ್ದು, ಹೊಟ್ಟೆ ಹಿಂಡುವಂಥ ಎಳೆತ ಇದ್ದರೆ ಬಹುತೇಕ ತುರ್ತು ಬ್ರೇಕ್. ಯಾವ ಸದ್ದೂ ಇಲ್ಲದೆ ವೇಗ ಜಾರಿ ಹೋಗುತ್ತಿದ್ದರೆ ಕ್ರೂಸ್. ಪರದೆಯ ಮೇಲೆ ವೇಗಮಿತಿಯ ಅಂಕಿ ಬದಲಾಗಿದ್ದರೆ ಮೂರನೆಯವನ ಕೈವಾಡ. ಈ ವ್ಯತ್ಯಾಸಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಪರಿಹಾರವೂ ಇದನ್ನೇ ಅವಲಂಬಿಸಿದೆ.

ಈಗ ಕಾರು ಏನನ್ನು ‘ನೋಡುತ್ತದೆ’ ಎಂಬ ವಿಷಯ. ಬಂಪರಿನ ಹಿಂದೆ ಕುಳಿತ ರಾಡಾರ್‌ಗೆ ಆಕಾರ, ಬಣ್ಣ ಎಂಬುದಿಲ್ಲ. ತಾನು ಕಳಿಸಿದ ಅಲೆ ಎಲ್ಲಿಂದ ಮರಳಿತು, ಎಷ್ಟು ಬಲವಾಗಿ ಮರಳಿತು, ಆ ವಸ್ತು ತನ್ನತ್ತ ಎಷ್ಟು ವೇಗದಲ್ಲಿ ಬರುತ್ತಿದೆ ಎಂಬಿಷ್ಟು ಮಾತ್ರ ಅದಕ್ಕೆ ಗೊತ್ತು. ಮುಂದಿನ ಕಾರು ಚಲಿಸುತ್ತಿದ್ದರೆ ಅದನ್ನು ಅದ್ಭುತವಾಗಿ ಹಿಡಿಯುತ್ತದೆ. ಕಷ್ಟ ಬರುವುದು ನಿಂತ ವಸ್ತುಗಳಿಂದ. ನೀವು ನೂರರಲ್ಲಿ ಹೋಗುತ್ತಿದ್ದರೆ ನಿಂತಿರುವುದೆಲ್ಲವೂ ನೂರರ ವೇಗದಲ್ಲೇ ನಿಮ್ಮತ್ತ ಬರುತ್ತದೆ. ಕೆಟ್ಟು ನಿಂತ ಲಾರಿಯೂ ಹಾಗೆಯೇ, ಪಕ್ಕದ ತಡೆಬೇಲಿ, ಮೇಲಿನ ಫಲಕ, ಸೇತುವೆ ಎಲ್ಲವೂ ಹಾಗೆಯೇ. ವೇಗದ ಲೆಕ್ಕದಲ್ಲಿ ಇವುಗಳ ನಡುವೆ ಯಾವ ಭೇದವೂ ಇಲ್ಲ.

ಎತ್ತರ ನೋಡಿ ತೀರ್ಮಾನಿಸಬಹುದಲ್ಲ ಎಂದು ನೀವು ಕೇಳಬಹುದು. ಸ್ವಲ್ಪ ಲೆಕ್ಕ ಹಾಕೋಣ. ರಸ್ತೆಗೆ ಅಡ್ಡಲಾಗಿ ಐದು ಮೀಟರ್ ಎತ್ತರದಲ್ಲಿ ಒಂದು ಸೇತುವೆ ಇದೆ, ನೀವು ಅದರಿಂದ 150 ಮೀಟರ್ ದೂರದಲ್ಲಿದ್ದೀರಿ. ರಾಡಾರ್ ನೆಲದಿಂದ ಅರ್ಧ ಮೀಟರ್ ಮೇಲಿದೆ ಎಂದಿಟ್ಟುಕೊಂಡರೆ, ಸೇತುವೆಗೂ ರಸ್ತೆಗೂ ನಡುವಿನ ಕೋನ ಎರಡು ಡಿಗ್ರಿಗೂ ಕಡಿಮೆ. ಹಳೆಯ ಕಾರುಗಳ ರಾಡಾರ್‌ಗಳು ಎಡಬಲವನ್ನು ಚೆನ್ನಾಗಿ ಅಳೆಯುತ್ತವೆ. ಮೇಲೆ ಕೆಳಗೆ ಎಂಬುದು ಅವುಗಳಿಗೆ ಮಸುಕು ಮಸುಕು. ಇದರ ಮೇಲೆ ರಸ್ತೆ ಒಂದಿಷ್ಟು ಇಳಿದು ಏರುವಂತಿದ್ದರೆ, ಇಳಿಜಾರಿನಲ್ಲಿರುವ ಕಾರಿನ ಮೂಗಿಗೆ ನೇರವಾಗಿ ಸೇತುವೆಯೇ ಸಿಗುತ್ತದೆ. ಸೇತುವೆಯ ಬಳಿ ಕಾರು ಬೆಚ್ಚುವುದಕ್ಕೆ ಇಷ್ಟು ಸಾಕು. ತಿರುವಿನಲ್ಲೂ ಇದೇ ಕಥೆ: ರಸ್ತೆ ಬಾಗಲು ತೊಡಗಿದೆ, ಸ್ಟಿಯರಿಂಗ್ ಇನ್ನೂ ನೇರ ಇದೆ, ಆ ಅರೆಕ್ಷಣದಲ್ಲಿ ಎದುರಿಗೆ ಕಾಣುವುದು ತಿರುವಿನಾಚೆಯ ಕಂಬ.

ಗಾತ್ರದ ವಿಷಯದಲ್ಲಂತೂ ರಾಡಾರ್ ತುಂಬ ಮೋಸಹೋಗುತ್ತದೆ. ಟೆಸ್ಲಾ ಕಂಪನಿ 2016ರ ಸೆಪ್ಟೆಂಬರ್‌ನಲ್ಲಿ ತನ್ನ ರಾಡಾರ್ ಕುರಿತು ಬರೆದಾಗ ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ. ರಸ್ತೆಯಲ್ಲಿ ಬಿದ್ದ ಒಂದು ತಂಪುಪಾನೀಯದ ಡಬ್ಬಿ. ಅದರ ತಳ ಒಳಕ್ಕೆ ಕುಸಿದ ಬಟ್ಟಲಿನಂತೆ ಇರುತ್ತದಲ್ಲ, ಆ ತಳ ನಿಮ್ಮತ್ತ ತಿರುಗಿ ಬಿದ್ದಿದ್ದರೆ ಅಲೆಯನ್ನು ಒಟ್ಟುಗೂಡಿಸಿ ನಿಮಗೇ ಮರಳಿ ಎಸೆಯುತ್ತದೆ. ರಾಡಾರ್‌ನ ಪಾಲಿಗೆ ಅದು ದೊಡ್ಡ, ಅಪಾಯಕಾರಿ ಅಡೆತಡೆ. ಅದೇ ಹೊತ್ತಿಗೆ ಮರ ಮತ್ತು ಬಣ್ಣ ಬಳಿದ ಪ್ಲಾಸ್ಟಿಕ್ ಅದಕ್ಕೆ ಹೆಚ್ಚುಕಡಿಮೆ ಗಾಜಿನಂತೆ ಪಾರದರ್ಶಕ. ಇದನ್ನು ಸರಿಪಡಿಸಲು ಕಂಪನಿ ಯೋಚಿಸಿದ ಉಪಾಯವೂ ಸ್ವಾರಸ್ಯಕರವಾಗಿತ್ತು. ಒಂದು ಜಾಗದಲ್ಲಿ ರಾಡಾರ್ ‘ಅಡ್ಡಿ ಇದೆ’ ಎಂದರೂ ಹಲವು ಚಾಲಕರು ಬ್ರೇಕ್ ಒತ್ತದೆ ಸುರಕ್ಷಿತವಾಗಿ ದಾಟಿ ಹೋದರೆ, ಆ ಜಾಗವನ್ನು ನಿರಪಾಯ ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುವುದು. ಒಂದು ಕಾರಿನ ಬೆಚ್ಚುವಿಕೆ ಸಾವಿರ ಕಾರುಗಳ ಅನುಭವದಿಂದ ಇಳಿಯಲಿ ಎಂಬ ಲೆಕ್ಕಾಚಾರ.

ಹಾಗಾದರೆ ಕ್ಯಾಮೆರಾ? ಕ್ಯಾಮೆರಾಗೆ ಆಕಾರ ಗೊತ್ತು, ದೂರ ಗೊತ್ತಿಲ್ಲ. ದೂರವನ್ನು ಅದು ಚಿತ್ರದಿಂದ ಊಹಿಸಬೇಕು. ಸೇತುವೆಯ ಗಾಢ ನೆರಳು, ಬಿಸಿಲಲ್ಲಿ ನೀರಿನಂತೆ ಹೊಳೆಯುವ ಡಾಂಬರು, ಸಂಜೆ ಲೆನ್ಸಿಗೆ ನೇರವಾಗಿ ಬಡಿಯುವ ಸೂರ್ಯ, ತಿರುವಿನಲ್ಲಿ ಎದುರು ಲೇನ್‌ನಿಂದ ನಮ್ಮತ್ತಲೇ ನುಗ್ಗುತ್ತಿರುವಂತೆ ತೋರುವ ಲಾರಿ, ಇವೆಲ್ಲ ಅದರ ಊಹೆಯನ್ನು ಕದಡುತ್ತವೆ. 2021ರಲ್ಲಿ ದಿಗಂತದ ಬಳಿಯ ಹಳದಿ ಚಂದ್ರನನ್ನು ಒಂದು ಕಾರು ಹಳದಿ ಸಿಗ್ನಲ್ ಎಂದು ತಿಳಿದು ಮತ್ತೆ ಮತ್ತೆ ನಿಧಾನವಾಗುತ್ತಿದ್ದ ವೀಡಿಯೊ ಎಲ್ಲೆಡೆ ಹರಿದಾಡಿತ್ತು, ನಕ್ಕವರೇ ಹೆಚ್ಚು. ನಗಲಾಗದ ಪ್ರಯೋಗವೂ ಒಂದಿದೆ. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ರಸ್ತೆ ಬದಿಯ ವಿದ್ಯುನ್ಮಾನ ಜಾಹೀರಾತಿನ ನಡುವೆ ನಿಲುಗಡೆಯ ಫಲಕವೊಂದನ್ನು ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು ಮಿನುಗಿಸಿದರು. ಮನುಷ್ಯರ ಗಮನಕ್ಕೆ ಬಾರದೆ ಹೋಗುವಷ್ಟು ಕ್ಷಣಿಕ. ಕಾರು ನಿಲ್ಲಲು ಅಷ್ಟು ಸಾಕಾಯಿತು.

ಎರಡನ್ನೂ ಇಟ್ಟುಕೊಂಡರೆ ಮುಗಿಯಿತಲ್ಲ ಎನ್ನಬೇಡಿ. ರಾಡಾರ್ ‘ಇದೆ’ ಎಂದು, ಕ್ಯಾಮೆರಾ ‘ಇಲ್ಲ’ ಎಂದರೆ ಯಾರ ಮಾತು ಕೇಳಬೇಕು? ಅದೇ ಟೆಸ್ಲಾ 2021ರ ಮೇ ತಿಂಗಳಿನಿಂದ ಉತ್ತರ ಅಮೆರಿಕದ ಮಾಡೆಲ್ 3 ಮತ್ತು ಮಾಡೆಲ್ ವೈ ಕಾರುಗಳಲ್ಲಿ ರಾಡಾರನ್ನೇ ತೆಗೆದುಹಾಕಿ ಕ್ಯಾಮೆರಾವನ್ನಷ್ಟೇ ಉಳಿಸಿಕೊಂಡಿತು. 2022ರ ಫೆಬ್ರುವರಿಯಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಅವೇ ಎರಡು ಮಾದರಿಗಳ ಸುಮಾರು 4,16,000 ಕಾರುಗಳ ಮೇಲೆ ತನಿಖೆ ಆರಂಭಿಸಿತು. ಕಾರು ಕಾರಣವಿಲ್ಲದೆ ಬ್ರೇಕ್ ಹಾಕುತ್ತದೆ ಎಂದು ಒಂಬತ್ತು ತಿಂಗಳಲ್ಲಿ ಬಂದಿದ್ದ 354 ದೂರುಗಳು ಅದಕ್ಕೆ ಆಧಾರ. ಹಾಗೆಂದು ‘ಕ್ಯಾಮೆರಾವೇ ಅಪರಾಧಿ’ ಎಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ. 2019ರಲ್ಲಿ ನಿಸಾನ್ ರೋಗ್ ಕಾರುಗಳ ಮೇಲೂ, 2022ರಲ್ಲಿ ಹೋಂಡಾದ ಅಕಾರ್ಡ್ ಮತ್ತು ಸಿಆರ್-ವಿ ಕಾರುಗಳ ಮೇಲೂ ಇದೇ ಬಗೆಯ ತನಿಖೆಗಳು ನಡೆದಿವೆ. ಆ ಕಾರುಗಳಲ್ಲಿ ರಾಡಾರ್ ಇತ್ತು.

ಸಭೆಯಲ್ಲಿ ಒಬ್ಬರು ಈಗಷ್ಟೇ ಕೇಳಿದರು: ‘ಇಷ್ಟೊಂದು ದುಬಾರಿ ಕಂಪ್ಯೂಟರ್ ಇಷ್ಟು ತಪ್ಪು ಮಾಡುತ್ತದೆಯೇ?’ ಬಹಳ ಕಡಿಮೆ ತಪ್ಪು ಮಾಡುತ್ತದೆ. ಅದನ್ನೂ ಲೆಕ್ಕ ಹಾಕಿಯೇ ನೋಡೋಣ, ಅಂಕಿಗಳು ನನ್ನ ಕಲ್ಪನೆಯವು. ಕಾರು ಸೆಕೆಂಡಿಗೆ ಇಪ್ಪತ್ತು ಸಲ ‘ಈಗ ಬ್ರೇಕ್ ಬೇಕೇ?’ ಎಂದು ಕೇಳಿಕೊಳ್ಳುತ್ತದೆ ಎನ್ನಿ. ಗಂಟೆಗೆ 72,000 ತೀರ್ಮಾನಗಳು. ಹತ್ತು ಲಕ್ಷಕ್ಕೆ ಒಂದೇ ಒಂದು ತಪ್ಪಾದರೂ ಹದಿನಾಲ್ಕು ಗಂಟೆಗೆ ಒಮ್ಮೆ ಹುಸಿ ಬ್ರೇಕ್ ಬೀಳುತ್ತದೆ. ಹತ್ತು ಲಕ್ಷಕ್ಕೆ ಒಂದು ತಪ್ಪು ಮಾಡುವ ಗುಮಾಸ್ತನನ್ನು ನಾವು ತಲೆಯ ಮೇಲೆ ಹೊತ್ತು ಮೆರೆಸುತ್ತೇವೆ. ಕಾರಿಗೆ ಅಷ್ಟು ಸಾಲದು. ಏಕೆಂದರೆ ನಿಜವಾಗಿ ತುರ್ತು ಬ್ರೇಕ್ ಬೇಕಾಗುವ ಕ್ಷಣ ಒಬ್ಬ ಚಾಲಕನ ಬದುಕಿನಲ್ಲಿ ಬೆರಳೆಣಿಕೆಯಷ್ಟು. ಅಪಾಯ ಅಷ್ಟು ಅಪರೂಪವಾದಾಗ ಎಚ್ಚರಿಕೆಯ ಗಂಟೆ ಹೊಡೆದದ್ದರಲ್ಲಿ ಹೆಚ್ಚಿನ ಪಾಲು ಹುಸಿಯೇ ಆಗಿಬಿಡುತ್ತದೆ.

ಹಾಗಿದ್ದರೆ ಅನುಮಾನ ಬಂದಾಗಲೆಲ್ಲ ಬ್ರೇಕ್ ಒತ್ತಬಾರದು, ತುಸು ಕಾದು ಖಚಿತ ಮಾಡಿಕೊಳ್ಳಬೇಕು ಎನ್ನಬಹುದು. ಹೀಗೆ ಕಾದದ್ದರಿಂದ ಏನಾಯಿತು ಎನ್ನುವುದಕ್ಕೆ ಎರಡು ದಾಖಲೆಗಳಿವೆ. 2016ರ ಮೇ 7ರಂದು ಫ್ಲೋರಿಡಾದ ವಿಲಿಸ್ಟನ್ ಬಳಿ ಆಟೊಪೈಲಟ್ ಎಂಬ ಚಾಲಕ ಸಹಾಯ ವ್ಯವಸ್ಥೆಯಲ್ಲಿ ಓಡುತ್ತಿದ್ದ ಟೆಸ್ಲಾ ಕಾರೊಂದು ರಸ್ತೆ ದಾಟುತ್ತಿದ್ದ ಲಾರಿಯ ಟ್ರೇಲರ್ ಅಡಿಗೆ ನುಗ್ಗಿತು, ಚಾಲಕ ಸತ್ತ. ಬೆಳಗುವ ಆಕಾಶದ ಎದುರು ಟ್ರೇಲರಿನ ಬಿಳಿ ಮೈಯನ್ನು ಕಾರೂ ಗಮನಿಸಲಿಲ್ಲ, ಚಾಲಕನೂ ಗಮನಿಸಲಿಲ್ಲ ಎಂದಿತು ಕಂಪನಿ. ರಾಡಾರ್ ಏಕೆ ಹಿಡಿಯಲಿಲ್ಲ ಎಂಬ ಪ್ರಶ್ನೆಗೆ ಟೆಸ್ಲಾ ಮುಖ್ಯಸ್ಥ ಇಲಾನ್ ಮಸ್ಕ್ ಕೊಟ್ಟ ಉತ್ತರದ ಸಾರ ಇಷ್ಟು: ಹುಸಿ ಬ್ರೇಕ್ ಬೀಳದಿರಲೆಂದು, ರಸ್ತೆಯ ಮೇಲಿನ ಫಲಕದಂತೆ ಕಾಣುವುದನ್ನು ರಾಡಾರ್ ಕಡೆಗಣಿಸುತ್ತದೆ. ಎತ್ತರದ ಟ್ರೇಲರಿನ ಮೈ ರಾಡಾರ್‌ಗೆ ಫಲಕದಂತೆಯೇ ತೋರುತ್ತದೆ.

ಎರಡನೆಯದು 2018ರ ಮಾರ್ಚ್ 18, ಅರಿಜೋನಾದ ಟೆಂಪೆ. ಉಬರ್‌ನ ಸ್ವಯಂಚಾಲಿತ ಪರೀಕ್ಷಾ ಕಾರು ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಅವರು ಉಳಿಯಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ವರದಿಯನ್ನು ಓದಿದವರಿಗೆ ಅದರ ವಿವರ ಮರೆಯುವುದು ಕಷ್ಟ. ಗುದ್ದುವುದಕ್ಕೆ 5.6 ಸೆಕೆಂಡ್ ಮೊದಲೇ ಕಾರು ಅವರನ್ನು ಪತ್ತೆ ಹಚ್ಚಿತ್ತು. ವಾಹನವೋ, ಸೈಕಲ್ಲೋ, ಮತ್ತೇನೋ ಎಂದು ಹೆಸರು ಬದಲಿಸುತ್ತ ಹೋಯಿತು. ಹೆಸರು ಬದಲಾದಾಗಲೆಲ್ಲ ಹಿಂದಿನ ಚಲನೆಯ ಲೆಕ್ಕವನ್ನು ಕೈಬಿಟ್ಟಿತು. ಕೊನೆಗೆ ಡಿಕ್ಕಿ ಖಚಿತವಾದಾಗಲೂ ಒಂದು ಸೆಕೆಂಡ್ ಸುಮ್ಮನಿತ್ತು. ಸುಮ್ಮನಿರಬೇಕೆಂದು ಸಾಫ್ಟ್‌ವೇರಿನಲ್ಲೇ ಬರೆಯಲಾಗಿತ್ತು, ಹುಸಿ ಎಚ್ಚರಿಕೆಗಳ ಕಾಟ ತಪ್ಪಲಿ ಎಂದು. ಆ ಕಾರಿನ ಮೂಲ ತಯಾರಕ ವೋಲ್ವೊ ಅಳವಡಿಸಿದ್ದ ತುರ್ತು ಬ್ರೇಕನ್ನೂ ಪರೀಕ್ಷೆಯ ವೇಳೆ ನಿಷ್ಕ್ರಿಯಗೊಳಿಸಲಾಗಿತ್ತು.

ಇವೆರಡನ್ನೂ ಎದುರಿಗಿಟ್ಟುಕೊಂಡೇ ಖಾಲಿ ರಸ್ತೆಯ ಆ ಬ್ರೇಕನ್ನು ನೋಡಬೇಕು ಎನ್ನುತ್ತೇನೆ. ಎಷ್ಟು ಅನುಮಾನ ಬಂದರೆ ಬ್ರೇಕ್ ಒತ್ತಬೇಕು ಎಂಬ ಗೆರೆಯನ್ನು ಯಾರೋ ಎಂಜಿನಿಯರುಗಳು ಕುಳಿತು ಎಳೆದಿದ್ದಾರೆ. ಗೆರೆ ಈಚೆಗೆ ಬಂದರೆ ಸೇತುವೆ ಕಂಡು ಕಾರು ಬೆಚ್ಚುತ್ತದೆ, ಆಚೆಗೆ ಹೋದರೆ ಟ್ರೇಲರ್ ಕಂಡೂ ಬೆಚ್ಚುವುದಿಲ್ಲ. ಎರಡೂ ಕಡೆ ಬಿಡಿಭಾಗ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ಸರ್ವಿಸ್ ಸೆಂಟರಿನವರಿಗೆ ದೋಷ ಸಿಗದಿರುವುದು ಇದಕ್ಕೇ. ಗೆರೆ ಎಳೆದದ್ದಕ್ಕೆ ನನ್ನ ತಕರಾರಿಲ್ಲ, ಎಲ್ಲೋ ಒಂದು ಕಡೆ ಎಳೆಯಲೇಬೇಕು. ಅದು ಎಲ್ಲಿದೆ ಎಂದು ಚಾಲಕನಿಗೆ ಹೇಳದಿರುವುದಕ್ಕೆ ತಕರಾರಿದೆ. ಕೈಪಿಡಿಯಲ್ಲಿ ‘ಕೆಲವು ಸಂದರ್ಭಗಳಲ್ಲಿ ವ್ಯವಸ್ಥೆ ಅನಗತ್ಯವಾಗಿ ಕೆಲಸ ಮಾಡಬಹುದು’ ಎಂಬರ್ಥದ ಒಂದು ಸಾಲು ಇರುತ್ತದೆ, ಅಲ್ಲಿಗೆ ಕೈ ತೊಳೆದಂತೆ. 2024ರ ಏಪ್ರಿಲ್‌ನಲ್ಲಿ ಹೋಂಡಾ ಕಾರುಗಳ ತನಿಖೆ ಸುಮಾರು 30 ಲಕ್ಷ ವಾಹನಗಳಿಗೆ ವಿಸ್ತರಿಸಿತು. ಆ ತನಿಖೆಯಲ್ಲಿ ಕಂಪನಿ ಕೊಟ್ಟ ವಿವರಣೆಯ ಧಾಟಿಯೂ, ವ್ಯವಸ್ಥೆಯ ಮಿತಿ ಕೆಲವು ಗ್ರಾಹಕರಿಗೆ ಸರಿಯಾಗಿ ಅರ್ಥವಾಗಿರಲಿಕ್ಕಿಲ್ಲ ಎಂದೇ ಇತ್ತು. ಅರ್ಥ ಮಾಡಿಸಬೇಕಾದವರು ಯಾರು, ಸ್ವಾಮಿ?

ನಿಯಮ ರೂಪಿಸುವವರು ಸುಮ್ಮನಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ತುರ್ತು ಬ್ರೇಕ್ ಕಡ್ಡಾಯ. ಅಮೆರಿಕದಲ್ಲಿ 2029ರ ಸೆಪ್ಟೆಂಬರ್ ಗಡುವಿಟ್ಟು 2024ರ ಏಪ್ರಿಲ್‌ನಲ್ಲಿ ನಿಯಮ ಹೊರಡಿಸಿದರು. ಆ ನಿಯಮದಲ್ಲಿ ಹುಸಿ ಬ್ರೇಕಿಗೂ ಎರಡು ಪರೀಕ್ಷೆಗಳಿವೆ. ಒಂದರಲ್ಲಿ ರಸ್ತೆ ಅಗೆದಲ್ಲಿ ಮುಚ್ಚುವ ಉಕ್ಕಿನ ಹಲಗೆಯ ಮೇಲೆ ಕಾರು ಹಾದುಹೋಗಬೇಕು, ಇನ್ನೊಂದರಲ್ಲಿ ನಿಲ್ಲಿಸಿದ ಎರಡು ಕಾರುಗಳ ನಡುವೆ. ಎರಡರಲ್ಲೂ ಕಾರು ಗುರುತ್ವದ ಕಾಲು ಭಾಗಕ್ಕಿಂತ, ಅಂದರೆ ಸೆಕೆಂಡಿಗೆ ಸುಮಾರು ಒಂಬತ್ತು ಕಿ.ಮೀ. ವೇಗ ಇಳಿಸುವುದಕ್ಕಿಂತ, ಹೆಚ್ಚು ಬಲವಾಗಿ ತಾನಾಗಿ ಬ್ರೇಕ್ ಹಾಕಬಾರದು. ಒಳ್ಳೆಯದೇ. ಆದರೆ ನೆರಳು, ತಿರುವು, ಇಳಿಜಾರಿನ ಸೇತುವೆ, ಸಂಜೆಯ ಸೂರ್ಯ? ಒಂದು ಹಲಗೆ, ಎರಡು ಕಾರು ದಾಟಿದವನಿಗೆ ಹೆದ್ದಾರಿಯ ಪದವಿ ಕೊಡುವುದು ತೀರಾ ಅಗ್ಗವಾಯಿತು.

ಹಿಂದಿನ ವಾಹನದ ಬಗ್ಗೆ ಒಂದಿಷ್ಟು ಹೇಳಬೇಕು, ಹುಸಿ ಬ್ರೇಕಿನ ಪೆಟ್ಟು ಬೀಳುವುದು ಹೆಚ್ಚಾಗಿ ಅಲ್ಲಿಂದಲೇ. ಎರಡೂ ವಾಹನ ನೂರರಲ್ಲಿವೆ. ಮುಂದಿನದು ಒಂದೇ ಒಂದು ಸೆಕೆಂಡ್ ಗಟ್ಟಿಯಾಗಿ ಬ್ರೇಕ್ ಹಾಕಿ ಬಿಟ್ಟಿತು ಎನ್ನಿ. ಅದರ ವೇಗ ಎಪ್ಪತ್ತೊಂದಕ್ಕೆ ಇಳಿಯಿತು. ಹಿಂದಿನವನ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ಅಂತರ ಎಂಟು ಮೀಟರ್ ಕರಗಿರುತ್ತದೆ. ಅವನು ಮೊದಲು ಹತ್ತು ಮೀಟರ್ ಹಿಂದಿದ್ದರೆ ಉಳಿಯುವುದು ಎರಡು ಮೀಟರ್, ಸರಿದೂಗಿಸಲು ಬೇಕಾದದ್ದು ನಾಲ್ಕು. ಗುದ್ದುತ್ತಾನೆ. ಇಪ್ಪತ್ತೆಂಟು ಮೀಟರ್ ಹಿಂದಿದ್ದರೆ, ಅಂದರೆ ಒಂದು ಸೆಕೆಂಡಿನ ಅಂತರ ಇಟ್ಟಿದ್ದರೆ, ಬೈದುಕೊಂಡು ಮುಂದೆ ಹೋಗುತ್ತಾನೆ. ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬ ವಾಡಿಕೆಯ ತೀರ್ಮಾನ ಇಂಥ ಕಡೆ ಅರ್ಧ ಸತ್ಯ. ಸ್ವಯಂಚಾಲಿತ ಕಾರುಗಳ ಕಂಪನಿ ಝೂಕ್ಸ್‌ನ ಪರೀಕ್ಷಾ ವಾಹನಗಳು ಹಠಾತ್ತನೆ ಬ್ರೇಕ್ ಹಾಕಿದಾಗ ಹಿಂದೆ ಬರುತ್ತಿದ್ದ ಇಬ್ಬರು ಬೈಕ್ ಸವಾರರು ಗುದ್ದಿಕೊಂಡ ಘಟನೆಗಳ ಮೇಲೆ 2024ರಲ್ಲಿ ತನಿಖೆ ನಡೆಯಿತು. 2025ರಲ್ಲಿ ಕಂಪನಿ 258 ವಾಹನಗಳ ಸಾಫ್ಟ್‌ವೇರನ್ನು ಹಿಂಪಡೆದು ಸರಿಪಡಿಸಿತು. 2022ರ ನವೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೊದ ಬೇ ಬ್ರಿಡ್ಜ್ ಮೇಲೆ ಟೆಸ್ಲಾ ಕಾರೊಂದು ಎಡತುದಿಯ ಲೇನ್‌ಗೆ ಬಂದು ಏಕಾಏಕಿ ವೇಗ ಕಳೆದುಕೊಂಡಿತು. ಎಂಟು ವಾಹನಗಳು ಒಂದರ ಹಿಂದೊಂದು ಗುದ್ದಿಕೊಂಡವು, ಒಂಬತ್ತು ಮಂದಿಗೆ ಗಾಯವಾಯಿತು. ಸ್ವಯಂಚಾಲನೆಯ ಸಾಫ್ಟ್‌ವೇರ್ ಚಾಲನೆಯಲ್ಲಿತ್ತು ಎಂದು ಚಾಲಕ ಪೊಲೀಸರಿಗೆ ಹೇಳಿದ. ಡಿಕ್ಕಿಗೆ ಮೂವತ್ತು ಸೆಕೆಂಡ್ ಮೊದಲಿನ ಅವಧಿಯಲ್ಲಿ ಚಾಲಕ ಸಹಾಯ ವ್ಯವಸ್ಥೆ ಕೆಲಸ ಮಾಡುತ್ತಿತ್ತೆಂದು ದಾಖಲೆಯೂ ತೋರಿಸಿತು.

ಇಷ್ಟು ಕೇಳಿದ ಮೇಲೆ ‘ಎಲ್ಲವನ್ನೂ ಆಫ್ ಮಾಡಿಬಿಡುತ್ತೇನೆ’ ಎನ್ನುವವರಿಗೆ: ದಯವಿಟ್ಟು ಬೇಡ. ತುರ್ತು ಬ್ರೇಕ್ ಇರುವ ಕಾರುಗಳು ಮುಂದಿನ ವಾಹನಕ್ಕೆ ಗುದ್ದುವ ಪ್ರಸಂಗ ಸುಮಾರು ಅರ್ಧಕ್ಕರ್ಧ ಕಡಿಮೆ ಎಂದು ಅಮೆರಿಕದ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ಕಂಡುಕೊಂಡಿದೆ. ಅದನ್ನು ಉಳಿಸಿಕೊಳ್ಳಿ. ನಿಮಗೆ ಕಾಟ ಕೊಡುತ್ತಿರುವುದು ಕ್ರೂಸ್ ಆಗಿದ್ದರೆ ಅದನ್ನು ಬಿಡಿ, ವೇಗಮಿತಿಯ ಸಹಾಯಕನಾಗಿದ್ದರೆ ಅದನ್ನು ಬಿಡಿ. ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಿ ಎಂದು ಆರಂಭದಲ್ಲೇ ಹೇಳಿದ್ದು ಇದಕ್ಕೆ. ಕ್ರೂಸ್ ಹಾಕಿದಾಗ ಪಾದವನ್ನು ಮಡಚಿ ಕೂರಬೇಡಿ, ಆಕ್ಸಿಲರೇಟರ್ ಮೇಲೆ ಒತ್ತದೆ ಇಟ್ಟಿರಿ. ಕಾರು ವೇಗ ಕಳೆಯತೊಡಗಿತು, ಮುಂದೆ ಏನೂ ಇಲ್ಲವೆಂದು ನಿಮಗೆ ಖಾತ್ರಿ ಇದೆ, ಆಗ ಆಕ್ಸಿಲರೇಟರ್ ಒತ್ತಿದರೆ ಕ್ರೂಸ್ ನಿಮ್ಮ ಮಾತು ಕೇಳುತ್ತದೆ. ತುರ್ತು ಬ್ರೇಕ್ ಕೂಡ ಬಹುತೇಕ ಕಾರುಗಳಲ್ಲಿ ಗಟ್ಟಿಯಾಗಿ ಒತ್ತಿದರೆ ಬಿಡುತ್ತದೆ. ನಿಮ್ಮ ಕಾರಿನಲ್ಲಿ ಹೇಗೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಿಂದೆ ವಾಹನಗಳು ಒತ್ತೊತ್ತಾಗಿ ಬರುತ್ತಿದ್ದರೆ ಕ್ರೂಸ್ ಬೇಡವೇ ಬೇಡ. ಬಂಪರಿನ ರಾಡಾರ್ ಮುಚ್ಚಳ, ಗಾಜಿನ ಹಿಂದಿನ ಕ್ಯಾಮೆರಾ ಇವುಗಳ ಎದುರಿನ ಕೆಸರು, ಧೂಳನ್ನು ಒರೆಸಿ. ಮುಂದಿನ ಗಾಜು ಬದಲಿಸಿದ್ದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಿದರೇ ಎಂದು ಕೇಳಿ.

ಇನ್ನು ದೂರು. ಕಾರಿನ ಘಟನಾ ದಾಖಲೆಯ ಪೆಟ್ಟಿಗೆ ಅಪಘಾತ ಆದಾಗ ತನ್ನ ನೆನಪನ್ನು ಗಟ್ಟಿಮಾಡಿಕೊಳ್ಳುವಂತೆ ಮಾಡಿದ್ದು. ಬೆಚ್ಚಿ ಬಿದ್ದು ಮುಂದೆ ಹೋದ ಕಾರಿನಲ್ಲಿ ಸಾಮಾನ್ಯವಾಗಿ ಯಾವ ಕುರುಹೂ ಉಳಿಯುವುದಿಲ್ಲ. ಹಾಗಾಗಿ ನಿಮ್ಮ ಬರಹವೇ ದಾಖಲೆ. ‘ಕಾರು ಸುಮ್ಮಸುಮ್ಮನೆ ನಿಂತಿತು’ ಎಂದರೆ ಯಾರಿಗೂ ಏನೂ ತಿಳಿಯದು. ಜಾಗ, ಸಮಯ, ವೇಗ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು, ಸೂರ್ಯ ಯಾವ ಕಡೆಗಿದ್ದ, ಮೇಲೆ ಸೇತುವೆಯೋ ಫಲಕವೋ ಇತ್ತೇ, ಎದುರಿನಿಂದ ಲಾರಿ ಬರುತ್ತಿತ್ತೇ, ಪರದೆಯಲ್ಲಿ ಯಾವ ಎಚ್ಚರಿಕೆ ಮೂಡಿತು, ಇಷ್ಟನ್ನು ಕಾರು ಪಕ್ಕಕ್ಕೆ ನಿಲ್ಲಿಸಿದೊಡನೆ ಬರೆದಿಡಿ. ಡ್ಯಾಶ್‌ಕ್ಯಾಮ್ ಇದ್ದರೆ ಆ ತುಣುಕನ್ನು ತೆಗೆದಿಟ್ಟುಕೊಳ್ಳಿ. ಅದೇ ಜಾಗದಲ್ಲಿ ಮತ್ತೊಮ್ಮೆ ಆದರೆ ಅದನ್ನು ಮುಖ್ಯವಾಗಿ ನಮೂದಿಸಿ, ತನಿಖೆ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಸುಳಿವು ಬೇರೆ ಇಲ್ಲ. ನಾಲ್ಕು ಲಕ್ಷಕ್ಕೂ ಮೀರಿದ ಕಾರುಗಳ ತನಿಖೆಯನ್ನು ಹೊರಡಿಸಿದ್ದು 354 ಜನ ಬರೆದ ಕಾಗದಗಳು. ಸಾವಿರಕ್ಕೆ ಒಬ್ಬರೂ ಬರೆದಿರಲಿಲ್ಲ. ಸಾಫ್ಟ್‌ವೇರಿನ ಆವೃತ್ತಿ ಸಂಖ್ಯೆಯನ್ನು ಮರೆಯದೆ ಬರೆಯಿರಿ. 2021ರ ಅಕ್ಟೋಬರ್‌ನಲ್ಲಿ ಟೆಸ್ಲಾದ 11,704 ಕಾರುಗಳಿಗೆ ಹೋದ ಹೊಸ ಆವೃತ್ತಿಯೊಂದು ಹುಸಿ ಎಚ್ಚರಿಕೆ, ಅನಿರೀಕ್ಷಿತ ಬ್ರೇಕ್ ತಂದಿಟ್ಟಿತು, ಕಂಪನಿ ಅದನ್ನು ತರಾತುರಿಯಲ್ಲಿ ಹಿಂತೆಗೆದುಕೊಂಡಿತು. ಈ ಕಾರುಗಳಲ್ಲಿ ಆ ಗೆರೆ ರಾತ್ರೋರಾತ್ರಿ ಜಾಗ ಬದಲಿಸುತ್ತದೆ. ಹೋದ ವಾರ ನಿಮ್ಮನ್ನು ಬೆಚ್ಚಿಸಿದ ಕಾರು ಈ ವಾರ ಸರ್ವಿಸ್ ಸೆಂಟರಿಗೆ ಹೋಗುವಷ್ಟರಲ್ಲಿ ಬೇರೆಯದೇ ಸಾಫ್ಟ್‌ವೇರ್ ಓಡಿಸುತ್ತಿರಬಹುದು.